ಚೌಕುಳಿ ಪರದೆ ಮುಂದೆ ನಿಂತ ಕಲಾವಿದೆ: ಜನಾಂಗ, ಜಾತಿ, ಲಿಂಗದ ಪ್ರಶ್ನೆ ಎತ್ತಿದ ಕರ್ನಾಟಕದ ಕಲೆ

ಬೆಂಗಳೂರು: ಕಪ್ಪು-ಬಿಳಿ ಚೌಕುಳಿ ಪರದೆಯ ಮುಂದೆ ಮಹಿಳೆಯೊಬ್ಬರು ನಿಂತಿದ್ದಾರೆ. ಅವರ ದೇಹದ ಅಳತೆ ತೆಗೆಯಲಾಗುತ್ತಿದೆ. ಮೊದಲ ನೋಟಕ್ಕೆ 19ನೇ ಶತಮಾನದ ಬ್ರಿಟಿಷರ ಫೋಟೊದಂತೆ ಕಾಣುವ ಈ ಚಿತ್ರ ತೆಗೆದದ್ದು 2000ದ ನಂತರ. ಅದರಲ್ಲಿರುವವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಹೀಗೆ ನಿಂತಿದ್ದೇಕೆ? ಅದನ್ನು ತಿಳಿಯಲು ಆ ಪರದೆಯ ಚರಿತ್ರೆ ನೋಡಬೇಕು.

ಅಳತೆಗೆ ಸಿಕ್ಕ ಜನ

1857ರ ದಂಗೆಯ ನಂತರ ಬ್ರಿಟಿಷ್ ಸರ್ಕಾರ ತಾನು ಆಳುವ ಜನರನ್ನು ಜಾತಿ, ಬುಡಕಟ್ಟುಗಳಾಗಿ ವಿಂಗಡಿಸಿ ದಾಖಲಿಸಲು ಕ್ಯಾಮೆರಾ ಬಳಸಿತು. 1868ರಿಂದ 1875ರ ನಡುವೆ 'ದಿ ಪೀಪಲ್ ಆಫ್ ಇಂಡಿಯಾ' ಹೆಸರಿನ 8 ಸಂಪುಟಗಳು ಬಂದವು. ಅದರಲ್ಲಿ 450ಕ್ಕೂ ಹೆಚ್ಚು ಫೋಟೊಗಳಿದ್ದವು.

1869ರಲ್ಲಿ ಜಾನ್ ಲ್ಯಾಂಪ್ರೇ ಎಂಬಾತ ಮರದ ಚೌಕಟ್ಟಿಗೆ ರೇಷ್ಮೆ ದಾರ ಕಟ್ಟಿ, 2 ಇಂಚಿನ ಚೌಕಗಳ ಜಾಲ ರೂಪಿಸಿದ. ಅದರ ಮುಂದೆ ಜನರನ್ನು ಬೆತ್ತಲೆ ನಿಲ್ಲಿಸಿ ಫೋಟೊ ತೆಗೆದರೆ, ಚೌಕಗಳನ್ನು ಎಣಿಸಿಯೇ ದೇಹದ ಅಳತೆ ಹೇಳಬಹುದಿತ್ತು. ಅಂಡಮಾನಿನಲ್ಲಿ ಅಧಿಕಾರಿಯಾಗಿದ್ದ ಎಂ.ವಿ. ಪೋರ್ಟ್‌ಮನ್ ಅಲ್ಲಿನ ಮೂಲನಿವಾಸಿಗಳನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದ.

ದಕ್ಷಿಣದಲ್ಲಿ ಈ ಕೆಲಸ ಮಾಡಿದ್ದು ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್. ತಲೆ, ಮೂಗುಗಳ ಅಳತೆ ಹಿಡಿದು ಜನರನ್ನು ವರ್ಗೀಕರಿಸಿದ ಆತನ 7 ಸಂಪುಟಗಳು 1909ರಲ್ಲಿ ಪ್ರಕಟವಾದವು. ವಿಶಾಖಪಟ್ಟಣ, ಇಂದಿನ ವಿಜಯವಾಡ, ಬಳ್ಳಾರಿ, ಮಂಗಳೂರು ಎಲ್ಲವೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಇಂಥ ಫೋಟೊಗಳ ಕೆಳಗೆ ಹೆಚ್ಚಾಗಿ ಇರುತ್ತಿದ್ದದ್ದು ಜಾತಿಯ ಹೆಸರು. ಎದುರಿಗೆ ನಿಂತ ವ್ಯಕ್ತಿಯ ಹೆಸರು ಎಷ್ಟೋ ಬಾರಿ ಇರುತ್ತಿರಲಿಲ್ಲ.

ಅದೇ ಚಿತ್ರ, ಹೊಸ ಪ್ರಶ್ನೆ

1956ರಲ್ಲಿ ಜನಿಸಿದ ಪುಷ್ಪಮಾಲಾ ಬರೋಡಾದಲ್ಲಿ ಶಿಲ್ಪಕಲೆ ಕಲಿತವರು. 1990ರ ದಶಕದಲ್ಲಿ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಲ್ಲುವ 'ಫೋಟೊ ಪರ್ಫಾರ್ಮೆನ್ಸ್' ಕಡೆ ತಿರುಗಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000-2004ರಲ್ಲಿ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿ ಅವರ ಪ್ರಸಿದ್ಧ ಕೃತಿ.

ಕ್ಯಾಲೆಂಡರ್‌ಗಳಲ್ಲಿ ಮನೆಮನೆಗೂ ಬಂದ ರವಿವರ್ಮನ ಲಕ್ಷ್ಮಿ, ಬಿಜಾಪುರ ಶೈಲಿಯ ಯೋಗಿನಿ, ಪೊಲೀಸರ ಕೈಗೆ ಸಿಕ್ಕ ಮಹಿಳೆಯರ ಪತ್ರಿಕಾ ಫೋಟೊ, ಪೋರ್ಟ್‌ಮನ್ ತೆಗೆದ ಅಂಡಮಾನ್ ಮಹಿಳೆ ಹೀಗೆ ಹಲವು ಚಿತ್ರಗಳನ್ನು ಅವರು ಇಲ್ಲಿ ಮರುಸೃಷ್ಟಿಸಿದ್ದಾರೆ. ದೇವತೆಯಾಗಿಯೂ ಅಪರಾಧಿಯಾಗಿಯೂ ಕಾಣುವ ಮುಖ ಒಂದೇ. ಬದಲಾಗುವುದು ಸೀರೆ, ಪರದೆ, ಬೆಳಕು. 'ದಕ್ಷಿಣ ಭಾರತದ ಹೆಣ್ಣು ಎಂದರೆ ಹೀಗೆ' ಎಂಬ ಕಲ್ಪನೆಯನ್ನು ಕಟ್ಟಿದ್ದು ಇವೇ ಎಂಬುದು ಸಾಲಾಗಿ ನೋಡಿದಾಗ ತಿಳಿಯುತ್ತದೆ.

ಇಲ್ಲೊಂದು ತೊಡಕೂ ಇದೆ. ನಗರದ, ಓದಿದ ಕಲಾವಿದೆ ಅಂಡಮಾನಿನ ಬುಡಕಟ್ಟು ಮಹಿಳೆಯ ವೇಷ ಹಾಕಿದಾಗ, ಆ ಮಹಿಳೆಯ ಮಾತು ಕೇಳಿಸುತ್ತದೆಯೇ? ವೇಷದಿಂದ ಹಳೆಯ ಚಿತ್ರದ ಕ್ರೌರ್ಯ ಬಯಲಾಗಬಹುದು. ಆದರೆ ಚಿತ್ರದಲ್ಲಿದ್ದವರು ತಮ್ಮ ಕಥೆ ತಾವೇ ಹೇಳಲು ಬೇರೆ ದಾರಿ ಬೇಕು. ಕರ್ನಾಟಕದಲ್ಲೇ ಅಂಥ ಎರಡು ಉದಾಹರಣೆಗಳಿವೆ.

ಗೋಡೆ ಮೇಲೆ ಬಣ್ಣ, ಕೌದಿಯಲ್ಲಿ ಹೂವು

ಮೊದಲನೆಯದು 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಅರವಾಣಿ ಆರ್ಟ್ ಪ್ರಾಜೆಕ್ಟ್'. ಲೈಂಗಿಕ ಅಲ್ಪಸಂಖ್ಯಾತ ಮಹಿಳೆಯರು ಇತರ ಕಲಾವಿದರ ಜೊತೆ ಸೇರಿ ನಗರಗಳ ಗೋಡೆಗಳಿಗೆ ದೊಡ್ಡ ಚಿತ್ರ ಬರೆಯುತ್ತಾರೆ. ಯಾವ ಬೀದಿಯಲ್ಲಿ ಜನ ಅವರನ್ನು ಕಂಡು ಮುಖ ತಿರುಗಿಸುತ್ತಾರೋ, ಅಲ್ಲೇ ಹಗಲು ಹೊತ್ತಿನಲ್ಲಿ ಏಣಿ ಹತ್ತಿ ಕೆಲಸ ಮಾಡುತ್ತಾರೆ. 2024ರ ವೆನಿಸ್ ಬಿನಾಲೆಯಲ್ಲೂ ಈ ತಂಡದ ಭಿತ್ತಿಚಿತ್ರವಿತ್ತು.

ಎರಡನೆಯದು ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿ. ಆಫ್ರಿಕಾ ಮೂಲದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಆದರೂ ಮೈಬಣ್ಣ, ಗುಂಗುರು ಕೂದಲು ನೋಡಿ 'ಯಾವ ದೇಶದವರು' ಎಂದು ಕೇಳುವವರಿದ್ದಾರೆ. ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿಯ ನಾಲ್ಕು ಮೂಲೆಗೂ ಅವರು ಬಟ್ಟೆ ಮಡಚಿ 'ಫುಲ' ಎಂಬ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಇದ್ದಂತೆ ಎಂಬುದು ಅವರ ನಂಬಿಕೆ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳ ಕೌದಿಯಲ್ಲಿ ಅರ್ಧಚಂದ್ರ ಕಾಣಸಿಗುವುದುಂಟು. ತಾವು ಯಾರೆಂದು ಇಲ್ಲಿ ಅವರೇ ಹೊಲಿದು ಹೇಳುತ್ತಾರೆ.

ಇಂದಿಗೂ ಯಾಕೆ ಮುಖ್ಯ?

ಬ್ರಿಟಿಷರು ತೆಗೆದ ಫೋಟೊಗಳು ಮ್ಯೂಸಿಯಂ, ಪುಸ್ತಕ, ಇಂಟರ್ನೆಟ್‌ನಲ್ಲಿ ಇಂದಿಗೂ ಸುಲಭವಾಗಿ ಸಿಗುತ್ತವೆ. ಅವನ್ನು ನಿಜವಾದ ದಾಖಲೆ ಎಂದೇ ನಂಬುವವರು ಹಲವರು. ಪುಷ್ಪಮಾಲಾ ಅವರ ಚಿತ್ರಗಳನ್ನು ಕಂಡ ಮೇಲೆ, ಇದನ್ನು ತೆಗೆಸಿದ್ದು ಯಾರು, ಎದುರಿಗೆ ನಿಂತವರ ಒಪ್ಪಿಗೆ ಇತ್ತೇ, ಅವರ ಹೆಸರೇನು ಎಂಬ ಪ್ರಶ್ನೆಗಳನ್ನು ಆ ಹಳೆ ಫೋಟೊಗಳಿಗೂ ಕೇಳಬೇಕಾಗುತ್ತದೆ.