ಒಂದು ಪ್ರೊಸೀಜರ್ ಇನ್ನೊಂದನ್ನು ಕರೆದಾಗ ಕಮಿಟ್ ಮಾಡೋರು ಯಾರು?

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಬಳಗದ ಕಾರ್ಯಾಗಾರ ಇತ್ತಲ್ವಾ, ಅವತ್ತು ಹಾಲ್‌ನಲ್ಲಿ ಇದ್ದದ್ದು 60 ಕುರ್ಚಿ, ಪಟ್ಟಿಯಲ್ಲಿ ಇದ್ದದ್ದು 63 ಹೆಸರು. ನೋಂದಣಿ ಪ್ರೋಗ್ರಾಂ ಬರೆದವರು ನಾವೇ. ಮೂವರು ಜೂನಿಯರ್‌ಗಳು 'ನಿಮ್ಮ ಹೆಸರು ಪಟ್ಟಿಯಲ್ಲಿದೆ' ಅನ್ನೋ ಮೆಸೇಜ್ ತೋರಿಸುತ್ತಾ ಬಾಗಿಲಲ್ಲಿ ನಿಂತಾಗ ನಮಗೆ ತಲೆ ಎತ್ತೋಕಾಗಲಿಲ್ಲ. ಪಕ್ಕದ ಕ್ಲಾಸಿಂದ ಕುರ್ಚಿ ಹೊತ್ತು ತಂದು ಕೂರಿಸಿದ್ವಿ. ಆಮೇಲೆ ತಪ್ಪು ಹುಡುಕೋಕೆ ಕೂತ್ವಿ.

ಮೈಎಸ್‌ಕ್ಯೂಎಲ್‌ನಲ್ಲಿ ನಮ್ಮವು ಎರಡು ಸ್ಟೋರ್ಡ್ ಪ್ರೊಸೀಜರ್. ಮೊದಲನೆಯದು ಹೆಸರು ಸೇರಿಸುತ್ತೆ. ಎರಡನೆಯದು ಉಳಿದ ಸೀಟಿನಲ್ಲಿ ಒಂದನ್ನು ಕಳೆಯುತ್ತೆ. ಸೀಟು ಖಾಲಿಯಾಗಿದ್ದರೆ 'ಸಿಗ್ನಲ್' ಬಳಸಿ ಎರರ್ ಕೊಡುತ್ತೆ. ಜಾವಾದಿಂದ ಎರಡನ್ನೂ ಒಂದಾದ ಮೇಲೊಂದು ಕರೀತಿದ್ವಿ. ಜೆಡಿಬಿಸಿಯಲ್ಲಿ ಹೊಸ ಕನೆಕ್ಷನ್ ತೆರೆದಾಗ ಆಟೋಕಮಿಟ್ ಆನ್ ಆಗಿಯೇ ಇರುತ್ತೆ. ಹಾಗಾಗಿ 61ನೆಯವರ ಹೆಸರು ಮೊದಲ ಕರೆಯಲ್ಲೇ ಕಮಿಟ್ ಆಗಿಹೋಯ್ತು. ಎರಡನೆಯ ಕರೆ ಎರರ್ ಕೊಟ್ಟರೂ ಹೆಸರು ಹಾಗೇ ಉಳೀತು. ಕ್ರಮ ತಿರುಗಿಸಿದ್ರೆ ಸಾಕಲ್ವಾ? ಸಾಲದು. ಸೀಟು ಕಳೆದ ಮೇಲೆ ಹೆಸರು ಸೇರಿಸುವಾಗ ಎರರ್ ಬಂದರೆ ಒಂದು ಸೀಟು ಸುಮ್ಮನೆ ಹಾಳು.

ಮೊದಲ ರಿಪೇರಿ: ಒಳಗಿಂದಲೇ ಕರೆಯೋಣ

ಹೆಸರು ಸೇರಿಸುವ ಪ್ರೊಸೀಜರ್‌ನ ಒಳಗೇ 'ಕಾಲ್' ಅಂತ ಬರೆದು ಸೀಟಿನ ಪ್ರೊಸೀಜರ್ ಕರೆದ್ವಿ. ಒಳಗಿನದು ಔಟ್ ಪ್ಯಾರಾಮೀಟರ್‌ನಲ್ಲಿ ಕೊಡುವ ಸೀಟು ಸಂಖ್ಯೆಯನ್ನು ಹೊರಗಿನದು ಒಂದು ವೇರಿಯಬಲ್‌ನಲ್ಲಿ ಹಿಡಿದು, ತನ್ನ ಔಟ್ ಪ್ಯಾರಾಮೀಟರ್‌ಗೆ ಹಾಕಬೇಕು. ಜಾವಾಗೆ ಕಾಣೋದು ಹೊರಗಿನದು ಮಾತ್ರ. ಪ್ರಿಪೇರ್‌ಕಾಲ್, ಇನ್‌ಪುಟ್ ತುಂಬೋದು, ರಿಜಿಸ್ಟರ್‌ಔಟ್‌ಪ್ಯಾರಾಮೀಟರ್, ಎಕ್ಸಿಕ್ಯೂಟ್, ಅಷ್ಟೇ.

ಆದರೆ ಪರೀಕ್ಷೆ ಮಾಡಿದ್ರೆ 61ನೆಯ ಹೆಸರು ಮತ್ತೆ ಪಟ್ಟಿಯಲ್ಲಿ! ಕಾರಣ ಏನಪ್ಪಾ ಅಂದ್ರೆ, ಮೈಎಸ್‌ಕ್ಯೂಎಲ್‌ನಲ್ಲಿ ಪ್ರೊಸೀಜರ್ ಅಂದ ಮಾತ್ರಕ್ಕೆ ಅದು ಒಂದೇ ಟ್ರಾನ್ಸಾಕ್ಷನ್ ಅಲ್ಲ. ಆಟೋಕಮಿಟ್ ಆನ್ ಇದ್ದರೆ ಅದರೊಳಗಿನ ಪ್ರತಿ ಇನ್ಸರ್ಟ್, ಪ್ರತಿ ಅಪ್‌ಡೇಟ್ ಬೇರೆ ಬೇರೆಯಾಗಿ ಕಮಿಟ್ ಆಗುತ್ತೆ.

ಎರಡನೆಯ ರಿಪೇರಿ: ಇನ್ನೂ ದೊಡ್ಡ ತಪ್ಪು

ಈ ಸಲ ಜಾವಾದಲ್ಲಿ ಆಟೋಕಮಿಟ್ ಆಫ್ ಮಾಡಿದ್ವಿ. ಜೊತೆಗೆ 'ಸೇಫ್ ಆಗಿರಲಿ' ಅಂತ ಒಳಗಿನ ಪ್ರೊಸೀಜರ್‌ನಲ್ಲೂ ಸ್ಟಾರ್ಟ್ ಟ್ರಾನ್ಸಾಕ್ಷನ್, ಕಮಿಟ್ ಹಾಕಿದ್ವಿ. ಮೈಎಸ್‌ಕ್ಯೂಎಲ್‌ನಲ್ಲಿ ಟ್ರಾನ್ಸಾಕ್ಷನ್ ಒಳಗೆ ಟ್ರಾನ್ಸಾಕ್ಷನ್ ಇಲ್ಲ. ಹೊಸದನ್ನು ಶುರು ಮಾಡಿದ ತಕ್ಷಣ ಹಳೆಯದು ಹೇಳದೆ ಕೇಳದೆ ಕಮಿಟ್ ಆಗುತ್ತೆ. ಅಂದ್ರೆ ಹೊರಗಿನದು ಸೇರಿಸಿದ ಹೆಸರನ್ನು ಒಳಗಿನದೇ ಖಾಯಂ ಮಾಡಿಬಿಡ್ತು. ಆಮೇಲೆ ಜಾವಾದಲ್ಲಿ ಎಷ್ಟು ರೋಲ್‌ಬ್ಯಾಕ್ ಮಾಡಿದ್ರೂ ಏನು ಬಂತು?

ಕೊನೆಗೆ ಸರಿಯಾದದ್ದು

ಯಾರು ಕೆಲಸ ಶುರು ಮಾಡಿದ್ರೋ ಅವರೇ ಕಮಿಟ್ ಮಾಡಬೇಕು. ನಮ್ಮಲ್ಲಿ ಅದು ಜಾವಾ. ಆಟೋಕಮಿಟ್ ಆಫ್ ಮಾಡಿ, ಹೊರಗಿನ ಪ್ರೊಸೀಜರ್ ಕರೆದು, ಎಲ್ಲಾ ಸರಿಯಾದ್ರೆ ಕಮಿಟ್. ಎಸ್‌ಕ್ಯೂಎಲ್‌ಎಕ್ಸೆಪ್ಷನ್ ಬಂದ್ರೆ ರೋಲ್‌ಬ್ಯಾಕ್. ಎರಡು ಪ್ರೊಸೀಜರ್‌ನಲ್ಲೂ ಕಮಿಟ್ ಅನ್ನೋ ಪದವೇ ಇರಬಾರದು. ಒಳಗಿನ ಎರರ್ ಜಾವಾವರೆಗೂ ತಲುಪಲೇಬೇಕು. ಹೊರಗಿನದರಲ್ಲಿ ಕಂಟಿನ್ಯೂ ಹ್ಯಾಂಡ್ಲರ್ ಹಾಕಿ ಎರರ್ ನುಂಗಿಬಿಟ್ಟರೆ ಜಾವಾ ಖುಷಿಯಾಗಿ ಕಮಿಟ್ ಮಾಡುತ್ತೆ. ಹ್ಯಾಂಡ್ಲರ್ ಬೇಕೇ ಬೇಕು ಅಂದ್ರೆ ಅದರೊಳಗೆ 'ರಿಸಿಗ್ನಲ್' ಬರೆದು ಎರರನ್ನು ಮೇಲಕ್ಕೆ ಕಳಿಸಿ.

ಪ್ರೊಸೀಜರನ್ನೇ ಜಾವಾದಲ್ಲಿ ಬರೆಯೋಕೆ ಬಿಡುವ ಅಪಾಚೆ ಡರ್ಬಿಯಂಥ ಡೇಟಾಬೇಸ್‌ನಲ್ಲೂ ಇದೇ ಮಾತು. ಅಲ್ಲಿ ಒಳಗಿನ ಪ್ರೊಸೀಜರ್ ಕರೆಯೋಕೆ ಹೊಸ ಕನೆಕ್ಷನ್ ತೆರೆಯಬೇಡಿ, ಈಗಾಗಲೇ ನಡೀತಿರೋ ಡಿಫಾಲ್ಟ್ ಕನೆಕ್ಷನ್ ಕೇಳಿ. ಹೊಸದು ತೆರೆದರೆ ಅದು ಬೇರೆಯದೇ ಟ್ರಾನ್ಸಾಕ್ಷನ್. ಹೊರಗಿನದು ಹಾಕಿದ ಲಾಕ್‌ಗೆ ಒಳಗಿನದು ಕಾಯುತ್ತಾ ಕೂರಬಹುದು.

ನಿಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ಹೀಗೇ ಎರಡು ಪ್ರೊಸೀಜರ್ ಇದ್ದರೆ, ಒಳಗಿನದು ಬೇಕಂತಲೇ ಎರರ್ ಕೊಡೋ ಹಾಗೆ ಮಾಡಿ, ಆಮೇಲೆ ಹೊರಗಿನ ಟೇಬಲ್‌ನ ಸಾಲು ಎಣಿಸಿ. ನಾವು ಮೊನ್ನೆ 61ನೆಯ ಹೆಸರು ಹಾಕಿ ನೋಡಿದ್ವಿ. 'ಸೀಟು ಖಾಲಿ ಇಲ್ಲ' ಅಂತ ಬಂತು. ಪಟ್ಟಿ ಎಣಿಸಿದ್ವಿ, 60.