ಅನುಭವ ಇಲ್ಲದವರಿಗೆ ಅಂಗಡಿ ಕೆಲಸ ಕಲಿಸುವುದು ಹೇಗೆ?

ಉಪ್ಪಳ, ಕುಂಬಳೆ, ಕಾಸರಗೋಡಿನ ಜವಳಿ ಅಂಗಡಿಯವರು ಅನುಭವ ಇದ್ದವರನ್ನೇ ಹುಡುಕುತ್ತಾರೆ. ಯಾರಾದರೂ ಮೊದಲ ಕೆಲಸ ಕೊಡದೆ ಅನುಭವ ಬರುವುದಾದರೂ ಎಲ್ಲಿಂದ?

ಮೊದಲ ವಾರ ಮಾರಾಟದ ಲೆಕ್ಕ ಕೇಳಬೇಡಿ. ಸ್ಟಾಕ್ ಪರಿಚಯವಾಗಲಿ: ಯಾವ ಕಪಾಟಿನಲ್ಲಿ ಏನಿದೆ, ಸಾಮಾನ್ಯವಾಗಿ 5.5 ಮೀಟರ್ ಇರುವ ಸೀರೆಯ ಜೊತೆ ರವಿಕೆ ಬಟ್ಟೆ ಇದೆಯೇ, ಯಾವುದು ಒಗೆದರೆ ಕುಗ್ಗುತ್ತದೆ. ಬಟ್ಟೆ ಮಡಚಿ ಇಡುವುದರಲ್ಲೇ ಅರ್ಧ ಪಾಠ ಆಗುತ್ತದೆ.

ಎರಡನೇ ವಾರ ಹಳೆ ಕೆಲಸಗಾರನ ಪಕ್ಕ ನಿಲ್ಲಲಿ. ನಮ್ಮ ಕಡೆ ಗಿರಾಕಿ ಬ್ಯಾರಿ, ತುಳು, ಮಲಯಾಳಂ, ಕನ್ನಡ ಯಾವುದರಲ್ಲೂ ಮಾತಾಡಿಯಾರು. ಅವರ ಭಾಷೆಯಲ್ಲಿ ರೇಟು, ಅಳತೆ, ಬಣ್ಣ ಹೇಳಲು ಬಂದರೆ ಸಾಕು. "ಎಷ್ಟರದ್ದು ಬೇಕು?" ಅಂತ ಶುರು ಮಾಡುವುದು ಬೇಡ. "ಯಾರಿಗೆ? ಮದುವೆಗೋ, ಮನೆಗೋ?" ಅಂತ ಕೇಳಲಿ. ಬಣ್ಣ ಬಿಡುವ ಬಟ್ಟೆಯನ್ನು ಬಿಡುವುದಿಲ್ಲ ಅಂತ ಹೇಳಿ ಮಾರಲು ಮಾತ್ರ ಕಲಿಸಬೇಡಿ.

ತಪ್ಪಿದರೆ ಗಿರಾಕಿ ಹೋದ ಮೇಲೆ ತಿದ್ದಿ. ನಾಲ್ಕು ಜನರ ಎದುರು ಬೈಸಿಕೊಂಡ ಹುಡುಗ ಮರುದಿನ ಬರುವುದಿಲ್ಲ; ಬಂದರೂ ಬಾಯಿ ಬಿಡುವುದಿಲ್ಲ. ಕಲಿಯುವ ದಿನಗಳ ಸಂಬಳ ಎಷ್ಟೆಂದು ಮೊದಲೇ ಹೇಳಿ. ಕೂರಲು ಸ್ಟೂಲ್ ಇಡಿ. ಕೇರಳದಲ್ಲಿ 2018ರ ಕಾನೂನು ತಿದ್ದುಪಡಿಯ ನಂತರ ಅದು ಕೆಲಸಗಾರರ ಹಕ್ಕು.

ಹೊಸದಾಗಿ ಸೇರುವವರಿಗೂ ಒಂದು ಮಾತು: ತಿಳಿಯದಿದ್ದರೆ "ಕೇಳಿ ಹೇಳ್ತೇನೆ" ಅನ್ನಿ. ಗಿರಾಕಿ ಅದಕ್ಕೆ ಸಿಟ್ಟಾಗುವುದಿಲ್ಲ.