ಹಬ್ಬದ ವ್ಯಾಪಾರಕ್ಕೆ ಪೂರ್ವಸಿದ್ಧತೆ

ಚನ್ನಪಟ್ಟಣದ ಬೊಂಬೆಗಳನ್ನು ಮನೆಯಲ್ಲಿಯೇ ಇದ್ದು ಅಂತರಜಾಲದ ಮೂಲಕ ಮಾರುವ ಗೃಹಸ್ಥರಿಗೆ ನವರಾತ್ರಿಯೇ ಸುಗ್ಗಿ. ಸುಗ್ಗಿ ಬಂದ ಮೇಲೆ ಕಣ ಮಾಡಹೊರಟರೆ ಫಲವೇನು?

ಬೊಂಬೆಗೆ ಬೇಕಾದ ಹಾಲೆಮರವನ್ನು ಕಡಿದೊಡನೆ ಕಡೆಯಲಾಗದು. ಅದು ತಿಂಗಳುಗಟ್ಟಲೆ ಒಣಗಬೇಕು. ಬಳಿಕ ಕಡೆದು, ಅರಗಿನ ಬಣ್ಣವೇರಿಸಿ, ತಾಳೆಗರಿಯಿಂದ ಹೊಳಪು ಕೊಡಬೇಕು. ಆದಕಾರಣ ಬೇಕಾದ ಬೊಂಬೆಗಳ ಲೆಕ್ಕವನ್ನು ಕುಶಲಕರ್ಮಿಗಳಿಗೆ ಆಷಾಢದಲ್ಲಿಯೇ ತಿಳಿಸುವುದು ಉಚಿತ. ರಟ್ಟಿನ ಪೆಟ್ಟಿಗೆ, ವಿಳಾಸದ ಚೀಟಿಗಳನ್ನು ಭಾದ್ರಪದದೊಳಗೆ ಸಿದ್ಧಪಡಿಸಿಕೊಳ್ಳತಕ್ಕದ್ದು. ಹಬ್ಬದ ದಿನಗಳಲ್ಲಿ ಉಳಿದ ಸರಕಿನ ಎಣಿಕೆಯನ್ನು ಪ್ರತಿ ಸಾಯಂಕಾಲವೂ ಅಂಗಡಿಯ ಪುಟದಲ್ಲಿ ತಿದ್ದದಿದ್ದರೆ, ಇಲ್ಲದ ಬೊಂಬೆಗೂ ಹಣ ಬಂದೀತು!

ಎಲ್ಲಕ್ಕಿಂತ ಮುಖ್ಯವಾದುದು ಕೊಟ್ಟ ಮಾತು. ಪಾಡ್ಯದಂದು ಬೊಂಬೆ ಕೂರಿಸುವ ಮನೆಗೆ ವಿಜಯದಶಮಿಯ ಮರುದಿನ ಬಂದ ಕಟ್ಟಿನಿಂದ ಏನು ಪ್ರಯೋಜನ? ಅನಿವಾರ್ಯ ವಿಪತ್ತಿನ ಹೊರತು, ಹೇಳಿದ ದಿನ ಮೀರಿ ತಲುಪಿದ ಸರಕನ್ನು ಹಿಂದಕ್ಕೆ ಪಡೆಯಲು ಮಾರುವವರು ನಿರಾಕರಿಸಕೂಡದೆಂದು 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳೂ ವಿಧಿಸಿವೆ. ಹಾಗೆ ಹಿಂದಿರುಗಿದ ಹಬ್ಬದ ಬೊಂಬೆಗೆ ಮುಂದಿನ ವರ್ಷದವರೆಗೆ ಗಿರಾಕಿ ದೊರೆಯುವುದು ಕಷ್ಟ.

ಆದುದರಿಂದ ದೂರದ ಊರುಗಳಿಗೆ ತಗಲುವ ದಿನಗಳನ್ನೆಣಿಸಿ, ಬೇಡಿಕೆ ಸ್ವೀಕರಿಸುವ ಕಡೆಯ ದಿನವನ್ನು ಮೊದಲೇ ಪ್ರಕಟಿಸಬೇಕು. ಕೈಲಾದಷ್ಟನ್ನೇ ಒಪ್ಪಿಕೊಂಡು, ಮಿಕ್ಕವರಿಗೆ ‘ಸರಕು ತೀರಿತು’ ಎಂದು ವಿನಯದಿಂದ ತಿಳಿಸುವುದೇ ಲೇಸೆಂದು ನಾವು ಭಾವಿಸುತ್ತೇವೆ. ಇಂದು ಬರಿಗೈಯಲ್ಲಿ ಹೋದವರು ಮುಂದಿನ ದಸರೆಗೆ ಬಂದಾರು, ಮೋಸಹೋದವರು ಬಾರರು.